ಕಪ್ಪು ಕಿಟಕಿಯಲ್ಲಿ ಹತ್ತು ಪ್ರಶ್ನೆಚಿಹ್ನೆ

ಇಪ್ಪತ್ತೆರಡು ಕಂಪ್ಯೂಟರುಗಳಲ್ಲಿ ತಕರಾರಿಲ್ಲದೆ ಕೂತ ಜಾವಾ ಇಪ್ಪತ್ತಮೂರನೆಯದರಲ್ಲಿ ಕೂರಲಿಲ್ಲ. ಅದೂ ಪ್ರಾಂಶುಪಾಲರು ನನ್ನ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದಾಗ. ಹಿಂದೆ ಯಾರಾದರೂ ನಿಂತರೆ ನನ್ನ ಬೆರಳುಗಳಿಗೆ ಅಕ್ಷರಗಳೇ ಮರೆತುಹೋಗುತ್ತವೆ. ಕೊಪ್ಪದಿಂದ ಸುತ್ತಮುತ್ತಲಿನ ಶಾಲೆ ಕಾಲೇಜುಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವ ನಾನು ಮನೆಯ ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡಿ, ಗೇಟಿನಿಂದ ವಾಪಸ್ ಬಂದು ನಾಲ್ಕನೇ ಸಲ ನೋಡುವ ಗಿರಾಕಿ. ಅಂಥವನಿಗೆ ನರಸಿಂಹರಾಜಪುರದ ಆ ಕಾಲೇಜಿನ ಲ್ಯಾಬಿನಲ್ಲಿ ಗುರುವಾರ ಮಧ್ಯಾಹ್ನ ಆದದ್ದು ಎದೆ ಬಡಿತ ಹೆಚ್ಚಿಸಲು ಸಾಕಾಗಿತ್ತು.

ಸೋಮವಾರ ಜಾವಾ ಪ್ರಾಯೋಗಿಕ ತರಗತಿ ಶುರುವಾಗಬೇಕಿತ್ತು. ತೆಗೆದುಕೊಳ್ಳಬೇಕಾದವರು ಒಬ್ಬ ಮೇಡಂ. ಜಯಪುರದ ಕಡೆಯವರು, ಮೂವತ್ತರ ಆಸುಪಾಸು, ಆ ವರ್ಷವಷ್ಟೇ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದರು. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ, ಅದನ್ನು ಕೇಳಿಕೊಂಡೇ ಅವರು ಪ್ರೋಗ್ರಾಂ ಬರೆಯುತ್ತಾರೆ. ಇಪ್ಪತ್ತಮೂರನೆಯದು ಅವರ ಲ್ಯಾಪ್‌ಟಾಪ್. ಕಾಲೇಜು ಹೊಸದಾಗಿ ಕೊಡಿಸಿದ್ದು. ಹಿಂದಿನ ವಾರ ಅದನ್ನು ಸಿದ್ಧಪಡಿಸಿ ಕೊಟ್ಟವನೂ ನಾನೇ.

ಕೆಲಸ ದೊಡ್ಡದೇನಲ್ಲ. ಮಕ್ಕಳು ಪ್ರೋಗ್ರಾಂ ಬರೆಯುವ ಎಡಿಟರ್ ಒಂದನ್ನು ಎಲ್ಲ ಯಂತ್ರಗಳಿಗೂ ಹಾಕಬೇಕು. ಆದರೆ ಆ ಎಡಿಟರನ್ನೇ ಜಾವಾದಲ್ಲಿ ಬರೆದಿರುವುದರಿಂದ ಅದಕ್ಕೆ ಮೊದಲು ಜೆಡಿಕೆ, ಅಂದರೆ ಜಾವಾದ ಸಲಕರಣೆಗಳ ಇಡೀ ಗಂಟು, ಯಂತ್ರದಲ್ಲಿರಬೇಕು. ಇದೆಯೇ, ಇದ್ದರೆ ಎಷ್ಟನೆಯ ಆವೃತ್ತಿ, ಬರೀ ಪ್ರೋಗ್ರಾಂ ಓಡಿಸುವ ಭಾಗವಿದೆಯೋ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರೂ ಇದೆಯೋ ಎಂದು, ಆಜ್ಞೆಗಳನ್ನು ಟೈಪು ಮಾಡುವ ಕಪ್ಪು ಕಿಟಕಿ ತೆರೆದು ಒಂದೊಂದಾಗಿ ಕೇಳಬೇಕು. ಲ್ಯಾಬಿನ ಹಳೆಯ ಯಂತ್ರಗಳಲ್ಲಿ ಯಾವ್ಯಾವುದೋ ಕಾಲದ ಜಾವಾಗಳು ಎರಡೆರಡು ಮನೆ ಮಾಡಿಕೊಂಡಿದ್ದವು. ಅವನ್ನೆಲ್ಲ ಎಬ್ಬಿಸಿ ಹೊಸದನ್ನು ಕೂರಿಸಲು ಇಡೀ ಬೆಳಗ್ಗೆ ಹಿಡಿಯಿತು. ಮೇಡಂ ಲ್ಯಾಪ್‌ಟಾಪಿನಲ್ಲಿ ಯಾವ ಜಾವಾನೂ ಇರಲಿಲ್ಲ. ಸಲೀಸು ಅಂದುಕೊಂಡೆ.

ತನ್ನಷ್ಟಕ್ಕೇ ಎಲ್ಲ ಮಾಡಿ ಮುಗಿಸುವ ಇನ್‌ಸ್ಟಾಲರನ್ನು ಕಂಡರೆ ನನಗೆ ಭಯ. ಅದು ಎಲ್ಲೆಲ್ಲಿ ಕೈಯಾಡಿಸುತ್ತದೋ ಯಾರಿಗೆ ಗೊತ್ತು? ಹಾಗಾಗಿ ಜಿಪ್ ಕಡತವನ್ನು ಬಳಕೆದಾರರ ಸ್ವಂತ ಫೋಲ್ಡರಿನೊಳಗೇ ಬಿಚ್ಚಿ, ಅದರ ವಿಳಾಸವನ್ನು ಯಂತ್ರಕ್ಕೆ ತಿಳಿಸುವುದು ನನ್ನ ಪದ್ಧತಿ. ಏನಾದರೂ ಹೆಚ್ಚುಕಡಿಮೆಯಾದರೆ ಫೋಲ್ಡರ್ ಅಳಿಸಿ ಕೈತೊಳೆದುಕೊಳ್ಳಬಹುದು. ಇಲ್ಲೂ ಹಾಗೇ ಮಾಡಿ, ಜಾವಾ ಎಷ್ಟನೆಯ ಆವೃತ್ತಿ ಎಂದು ಕೇಳಿದೆ. ಲೈಬ್ರರಿ ಫೋಲ್ಡರಿನೊಳಗಿನ ಒಂದು ಕಡತ ತೆರೆಯಲು ಆಗುತ್ತಿಲ್ಲ ಎಂಬ ಉತ್ತರ ಬಂತು. ಹೋಗಿ ನೋಡಿದರೆ ಕಡತ ಅಲ್ಲೇ ಕಣ್ಣೆದುರು ಕೂತಿದೆ. ಮತ್ತೆ ಕೇಳಿದೆ. ಮತ್ತೆ ಅದೇ ಸಾಲು.

"ಎಂತ ಆಯ್ತು?" ಎಂದು ಪ್ರಾಂಶುಪಾಲರು ಕೇಳಿದರು.

ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. "ಬೇರೆ ಎಲ್ಲದ್ರಲ್ಲೂ ಸರಿ ಆಗಿದೆ ಸರ್. ಈ ಓದೋ ಸಾಫ್ಟ್‌ವೇರ್ ಜೊತೆ ಎಂತದೋ ತಕರಾರು ಇರಬಹುದು."

ಪ್ರಾಂಶುಪಾಲರು ಕೆಟ್ಟ ಮನುಷ್ಯರೇನಲ್ಲ, ನನ್ನ ಹಾಗೆಯೇ ಚಿಂತೆಯ ಜಾತಿ. ಮೇಡಂ ಅವರ ವಿದ್ಯೆಯ ಬಗ್ಗೆ ಸಂಶಯವಿಲ್ಲವೆಂದೂ, ಆದರೆ ಲ್ಯಾಬು ತುಂಬ ಮಕ್ಕಳಿರುವಾಗ ಯಂತ್ರವೇ ಕೈಕೊಟ್ಟರೆ ಉತ್ತರ ಕೊಡಬೇಕಾದವರು ತಾವೆಂದೂ ಹೇಳಿದರು. ಶನಿವಾರ ಹನ್ನೊಂದು ಗಂಟೆಗೆ ಈ ಲ್ಯಾಪ್‌ಟಾಪಿನಲ್ಲಿ ಎಲ್ಲ ನಡೆಯುವುದನ್ನು ತೋರಿಸಬೇಕು. ಆಗದಿದ್ದರೆ ಪ್ರಾಯೋಗಿಕ ತರಗತಿ ಬೇರೆಯವರಿಗೆ, ಮೇಡಂಗೆ ಬರೀ ಪಾಠ. ಇಷ್ಟು ಹೇಳಿ ಹೋದರು.

ಅಷ್ಟೂ ಹೊತ್ತು ಪಕ್ಕದಲ್ಲೇ ಕೂತಿದ್ದ ಮೇಡಂ ನಾನಿದ್ದ ಕಡೆಗೆ ಸರಿಯಾಗಿ ಮುಖ ತಿರುಗಿಸಿ, "ತಕರಾರು ಉಂಟು ಅಂದ್ರಲ್ಲ ಸರ್, ಅದು ನೋಡಿ ಹೇಳಿದ್ದಾ, ಊಹೆನಾ?" ಎಂದು ಕೇಳಿದರು.

"ಊಹೆ" ಎಂದೆ.

"ನನ್ನ ಸಾಫ್ಟ್‌ವೇರ್ ಬರೀ ಓದ್ತದೆ. ಯಾರ ದಾರಿಗೂ ಅಡ್ಡ ಬರೋದಿಲ್ಲ. ಊಹೆನ ಅವರೆದುರು ಹೇಳಬಾರದಿತ್ತು ಮಾರಾಯ್ರೆ."

ಬೈದಿದ್ದರೆ ವಾಸಿಯಿತ್ತು. ಶೆಟ್ಟಿಕೊಪ್ಪ ದಾಟುವವರೆಗೂ ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿತ್ತು. ಯಂತ್ರ ಕೆಟ್ಟದ್ದಕ್ಕಿಂತ, ಕೆಟ್ಟ ಕಾರಣ ಗೊತ್ತಿಲ್ಲದೆ ಅದನ್ನು ಅವರ ತಲೆಗೆ ಕಟ್ಟಿದ್ದೆನಲ್ಲ, ಅದು ಚುಚ್ಚುತ್ತಿತ್ತು.

ಜಿಪ್ ಕಡತವೇ ಹಾಳಾಗಿರಬೇಕು, ಲ್ಯಾಬಿನ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪಿಗೆ ಬರುವಾಗ ಏನೋ ಉದುರಿರಬೇಕು ಎಂಬ ತೀರ್ಮಾನಕ್ಕೆ ಬಂದೆ. ಶುಕ್ರವಾರ ಬೆಳಗ್ಗೆ ಶೃಂಗೇರಿಗೆ ಹೋದೆ. ಅಲ್ಲಿ ಆಮಂತ್ರಣ ಪತ್ರಿಕೆ ಮುದ್ರಿಸುವ ಪರಿಚಯದವರ ಅಂಗಡಿಯಲ್ಲಿ ಇಂಟರ್‌ನೆಟ್ ಗಟ್ಟಿ. ಹೊಸದಾಗಿ ಜೆಡಿಕೆ ಇಳಿಸಿಕೊಂಡೆ. ಯಾವುದೋ ದೇಶದಲ್ಲಿ ಕೂತು ಯಾರ‍್ಯಾರೋ ವರ್ಷಗಟ್ಟಲೆ ಕಟ್ಟಿದ ಒಂದು ಇಡೀ ಭಾಷೆ, ಬಿಟ್ಟಿಯಾಗಿ, ಉಪನಯನದ ಪತ್ರಿಕೆಗಳ ಕಟ್ಟುಗಳ ನಡುವೆ ಕೂತ ನನ್ನ ಪೆನ್‌ಡ್ರೈವಿಗೆ ಇಳಿದುಬರುವುದನ್ನು ನೋಡುತ್ತ ಕೂತೆ. ಎಷ್ಟು ಸಲ ನೋಡಿದರೂ ಇದು ನನಗೆ ಹಳತಾಗುವುದಿಲ್ಲ.

ಇಳಿಸಿದ ಕಡತ ಸಾಚಾ ಎಂದು ತಿಳಿಯಲು ಒಂದು ಉಪಾಯವಿದೆ. ಕಡತದ ಪ್ರತಿ ಬಿಂದುವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಯಂತ್ರ ಅರವತ್ತನಾಲ್ಕು ಅಕ್ಷರ, ಅಂಕಿಗಳ ಒಂದು ಗುರುತು ಹುಟ್ಟಿಸುತ್ತದೆ. ಕಡತ ಕೊಟ್ಟವರೂ ತಮ್ಮ ಪುಟದಲ್ಲಿ ಅದೇ ಗುರುತು ಹಾಕಿರುತ್ತಾರೆ. ಎರಡೂ ಒಂದೇ ಆದರೆ ಮಾಲು ಸರಿ. ನನ್ನಂಥ ಹೆದರುಪುಕ್ಕಲರಿಗಾಗಿಯೇ ಯಾರೋ ಕನಿಕರದಿಂದ ಮಾಡಿದ ವ್ಯವಸ್ಥೆ. ಕಾಲೇಜಿನಲ್ಲಿ ನೆಟ್ ಇರುತ್ತದೋ ಇಲ್ಲವೋ ಎಂದು ಹೆದರಿ, ಪುಟದಲ್ಲಿದ್ದ ಅರವತ್ತನಾಲ್ಕನ್ನೂ ಒಂದು ಹಾಳಾದ ಆಮಂತ್ರಣ ಪತ್ರಿಕೆಯ ಹಿಂಬದಿಗೆ ಕೈಯಲ್ಲೇ ಬರೆದುಕೊಂಡೆ. ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಬಹುದಿತ್ತು. ಬ್ಯಾಟರಿ ಹೋದರೆ ಎಂಬ ಹೆದರಿಕೆ. ಚಿಂತೆ ಮಾಡುವವನಿಗೆ ಒಂದು ಚಿಂತೆ ಇನ್ನೊಂದರ ಕೈಹಿಡಿದುಕೊಂಡೇ ಬರುತ್ತದೆ.

ಕೊಪ್ಪದಲ್ಲಿ ಬಸ್ಸು ಬದಲಿಸಿ ಎನ್.ಆರ್. ಪುರ ತಲುಪಿದಾಗ ಎರಡೂವರೆ. ಲ್ಯಾಬಿನಲ್ಲಿ ಕರೆಂಟಿರಲಿಲ್ಲ. ಲೈನಿನ ಮೇಲೆ ಮರ ಬಿದ್ದಿದೆ, ಸಂಜೆಯವರೆಗೆ ಬರುವುದಿಲ್ಲವೆಂದರು. ಮೇಡಂ ಲ್ಯಾಪ್‌ಟಾಪ್ ಎದುರಿಟ್ಟುಕೊಂಡು ಕಾಯುತ್ತಿದ್ದರು. ಬ್ಯಾಟರಿ ಮೂವತ್ತೆಂಟು. ಹೋಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಮೇಡಂ ಎರಡು ಗುಂಡಿ ಒತ್ತಿದರು. ಪರದೆ ಪೂರ್ತಿ ಕಪ್ಪಾಯಿತು.

"ಎಂತ ಮಾಡಿದ್ರಿ?" ಎಂದು ಗಾಬರಿಯಿಂದ ಕೇಳಿದೆ.

"ಬೆಳಕೇ ಜಾಸ್ತಿ ಬ್ಯಾಟರಿ ತಿನ್ನೋದು ಸರ್. ನಂಗಂತೂ ಬೇಡ. ನಿಮಗೆ ಬೇಕಿದ್ರೆ ಹೇಳಿ" ಎಂದರು, ತುಟಿಯಂಚಿನಲ್ಲಿ ನಗು.

ಬೇಕು ಎನ್ನಲು ನಾಚಿಕೆಯಾಯಿತು. ಹೀಗೆ ಮುಂದಿನ ಎರಡು ಗಂಟೆ, ಇಪ್ಪತ್ತು ವರ್ಷ ಕಣ್ಣಿನಿಂದ ಮಾಡಿದ ಕೆಲಸವನ್ನು ನಾನು ಕಿವಿಯಿಂದ ಮಾಡಬೇಕಾಯಿತು. ಆ ತಂತ್ರಾಂಶದ ದನಿ ಮೊದಲಿಗೆ ನನಗೆ ಮಾತಿನ ಹಾಗೆಯೇ ಕೇಳಲಿಲ್ಲ, ಕಾಯಿ ತುರಿಯುವ ಯಂತ್ರ ಚಾಲೂ ಮಾಡಿದ ಹಾಗಿತ್ತು. ಆ ವೇಗದಲ್ಲಿ ಅವರು ಪ್ರತಿ ಪದ, ಪ್ರತಿ ಚುಕ್ಕೆ, ಪ್ರತಿ ಆವರಣ ಚಿಹ್ನೆ ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದರು. ನಾನು ಒಂದು ಸಾಲು ಓದುವ ಹೊತ್ತಿಗೆ ಅವರದ್ದು ಅರ್ಧ ಪುಟ ಆಗಿರುತ್ತಿತ್ತು.

"ನಿಮ್ಮ ಬಾಯಿ ತೆರೆದೇ ಇದೆ ಅಂತ ಉಸಿರಾಡೋದ್ರಲ್ಲೇ ಗೊತ್ತಾಗ್ತದೆ ಸರ್. ಆಶ್ಚರ್ಯ ಆಮೇಲೆ ಪಡುವ. ಆ ಅರವತ್ನಾಕು ಓದಿ."

ಅವರು ದನಿಯ ವೇಗ ಇಳಿಸಿದರು. ಯಂತ್ರ ತಾನು ಹುಟ್ಟಿಸಿದ ಗುರುತನ್ನು ಒಂದೊಂದೇ ಅಕ್ಷರವಾಗಿ ಹೇಳುವುದು, ನಾನು ಪತ್ರಿಕೆ ಹಿಡಿದು ಅದೇ ಸಾಲು ಓದುವುದು. ನಲವತ್ತೊಂದನೆಯದರಲ್ಲಿ ಯಂತ್ರ ‘ಬಿ’ ಎಂದಿತು, ನಾನು ‘ಆರು’ ಎಂದೆ. ಕಡತ ಈ ಸಲವೂ ಕೆಟ್ಟಿದೆ, ಮತ್ತೆ ಶೃಂಗೇರಿಗೆ ಹೋಗಿಬರಲು ಸಮಯವಿಲ್ಲ ಎಂದು ಎದ್ದು ನಿಂತೆ.

"ಕೂತ್ಕೊಳಿ" ಎಂದರು ಮೇಡಂ. "ಉಳಿದದ್ದೂ ಓದಿ."

ಉಳಿದ ಇಪ್ಪತ್ತಮೂರೂ ಹೊಂದಿದವು.

"ಕಡತ ಸರಿ ಇದೆ. ಒಳಗೆ ಒಂದು ಚುಕ್ಕೆ ಬದಲಾಗಿದ್ರೂ ಈ ಗುರುತಲ್ಲಿ ಒಂದಕ್ಷರ ಅಲ್ಲ, ಪೂರ್ತಿ ಸಾಲೇ ಬೇರೆ ಆಗ್ತಿತ್ತು. ಒಂದೇ ಬದಲಾಗಿದೆ ಅಂದ್ರೆ ತಪ್ಪು ನಿಮ್ಮ ಕೈಬರಹದ್ದು."

ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ‘ಬಿ’ ಆರರ ಹಾಗೆಯೇ ಇತ್ತು. ವರ್ಷಗಳಿಂದ ಆ ಗುರುತುಗಳನ್ನು ಹೋಲಿಸುತ್ತಲೇ ಬಂದಿದ್ದೇನೆ, ಒಂದು ಅಕ್ಷರ ಮಾತ್ರ ತಪ್ಪುವುದು ಸಾಧ್ಯವಿಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತಾಳೆ ನೋಡುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ.

ಹಿಂದಿನ ದಿನ ಬಿಚ್ಚಿದ್ದನ್ನು ಅಳಿಸಿ ಹೊಸದನ್ನು ಅದೇ ಜಾಗದಲ್ಲಿ ಬಿಚ್ಚಿದೆವು. ವಿಳಾಸ ಕೊಟ್ಟು, ಆವೃತ್ತಿ ಕೇಳಿದೆವು. ಕತ್ತಲೆ ಪರದೆಯೊಳಗಿನಿಂದ ದನಿ ಉತ್ತರ ಹೇಳಿತು. ಅದೇ ಉತ್ತರ. ಕಡತ ತೆರೆಯಲಾಗುತ್ತಿಲ್ಲ.

ನಾನು ತಲೆಮೇಲೆ ಕೈ ಹೊತ್ತೆ. ಮೇಡಂ ಆ ಸಾಲನ್ನು ಮತ್ತೊಮ್ಮೆ ಓದಿಸಿದರು. ಮೂರನೇ ಸಲ ಒಂದೊಂದೇ ಚಿಹ್ನೆಯಾಗಿ ಓದಿಸಿದರು. ‘ಕ್ವೆಶ್ಚನ್, ಕ್ವೆಶ್ಚನ್, ಕ್ವೆಶ್ಚನ್’ ಎನ್ನುತ್ತ ಹೋಯಿತು ದನಿ. ಅವರ ಬೆರಳುಗಳು ಮೇಜಿನ ಮೇಲೆ ಎಣಿಸುತ್ತಿದ್ದವು.

"ಹತ್ತು" ಎಂದರು. "ವಿಳಾಸದ ನಡುವೆ ಹತ್ತು ಪ್ರಶ್ನೆಚಿಹ್ನೆ ಎಂತಕ್ಕೆ ಸರ್? ನಿನ್ನೆನೂ ಇತ್ತಾ?"

"ಇತ್ತು ಅಂತ ಕಾಣ್ತದೆ" ಎಂದೆ. "ಅಲ್ಲಿ ಕನ್ನಡ ಇದೆ. ಆ ಕಪ್ಪು ಕಿಟಕಿಗೆ ಕನ್ನಡ ಬರೋದಿಲ್ಲ, ಹಾಗೆ ತೋರಿಸ್ತದೆ ಅಷ್ಟೇ."

ಹೇಳುತ್ತಿದ್ದ ಹಾಗೆಯೇ ನನ್ನ ದನಿ ತಗ್ಗಿತು. ಲ್ಯಾಪ್‌ಟಾಪ್ ಸಿದ್ಧಪಡಿಸುವ ದಿನ ಬಳಕೆದಾರರ ಹೆಸರೇನು ಎಂದು ಅದು ಕೇಳಿತ್ತು. ಲ್ಯಾಬಿನ ಉಳಿದ ಯಂತ್ರಗಳಿಗೆಲ್ಲ ಇಂಗ್ಲಿಷಿನಲ್ಲಿ ಒಂದು ಎರಡು ಮೂರು ಎಂದು ಹೆಸರಿಟ್ಟಿದ್ದ ನಾನು, ಮೇಡಂಗೆ ಗೌರವವಿರಲಿ ಎಂದು, ನನ್ನ ಕನ್ನಡ ಟೈಪಿಂಗಿನ ಬಗ್ಗೆ ಸ್ವಲ್ಪ ಜಂಬವೂ ಇದ್ದು, ‘ಉಪನ್ಯಾಸಕರು’ ಎಂದು ಕನ್ನಡದಲ್ಲೇ ಟೈಪು ಮಾಡಿದ್ದೆ. ಅದೇ ಹೆಸರಿನಲ್ಲಿ ಅವರ ಫೋಲ್ಡರ್ ಹುಟ್ಟಿಕೊಂಡಿತ್ತು. ಅದರೊಳಗೇ ನಾನು ಜಾವಾ ಬಿಚ್ಚಿದ್ದೆ.

"ಅದು ತೋರಿಸೋದಷ್ಟೇ ಅಲ್ಲ ಸರ್" ಎಂದರು ಮೇಡಂ ನಿಧಾನವಾಗಿ. "ಅದಕ್ಕೆ ಗೊತ್ತಿರೋದೇ ಅಷ್ಟು. ಕನ್ನಡ ಅಕ್ಷರ ಓದಲಿಕ್ಕೆ ಬರದೆ, ಹತ್ತು ಪ್ರಶ್ನೆಚಿಹ್ನೆ ಹೆಸರಿನ ಫೋಲ್ಡರ್ ಎಲ್ಲುಂಟು ಅಂತ ಹುಡುಕ್ತಾ ಇದೆ. ಪಾಪ, ಹೇಗೆ ಸಿಗ್ತದೆ?"

ಆ ಹತ್ತು ಚಿಹ್ನೆ ಗುರುವಾರ ನನ್ನ ಕಣ್ಣೆದುರು ಬೆಳ್ಳಗೆ ಹೊಳೆಯುತ್ತಿದ್ದವು. ಬಿಲ್ಲುಗಳಲ್ಲಿ, ಹಳೆ ಮೊಬೈಲುಗಳಲ್ಲಿ, ಎಲ್ಲಿ ನೋಡಿದರೂ ಕನ್ನಡ ಬರಬೇಕಾದಲ್ಲಿ ಡಬ್ಬಿಗಳೂ ಪ್ರಶ್ನೆಚಿಹ್ನೆಗಳೂ ಬಂದು ಬಂದು, ಕನ್ನಡದವನಾದ ನನ್ನ ಕಣ್ಣಿಗೆ ಅವು ತಪ್ಪೆಂದೇ ಅನ್ನಿಸುವುದು ನಿಂತುಹೋಗಿದೆ. ‘ಓ, ಅಲ್ಲಿ ಕನ್ನಡ ಇದೆ’ ಎಂದು ದಾಟಿ ಹೋಗುತ್ತದೆ. ಇನ್ನೂ ಒಂದು ಮಾತು ಹೇಳಲೇಬೇಕು. ಗುರುವಾರ ಮೇಡಂ ಆ ಸಾಲನ್ನು ಕೇಳಿಸಿಕೊಳ್ಳದಿದ್ದುದಕ್ಕೆ ಕಾರಣವೂ ನಾನೇ. ಆ ದನಿ ತಲೆ ತಿನ್ನುತ್ತದೆಂದು ಕೆಲಸ ಶುರು ಮಾಡುವ ಮೊದಲೇ ಅದರ ಬಾಯಿ ಮುಚ್ಚಿದ್ದೆ. ಅದನ್ನೂ ಅವರಿಗೆ ಹೇಳಿದೆ.

"ಗೊತ್ತಾಗಿತ್ತು" ಎಂದರು. "ಕೇಳಿಸ್ದೇ ಇದ್ರೆ ನಂಗಲ್ದೆ ಮತ್ಯಾರಿಗೆ ಗೊತ್ತಾಗ್ಬೇಕು?"

ಜಾವಾವನ್ನು ಆ ಫೋಲ್ಡರಿನಿಂದ ಹೊರಗೆ ತೆಗೆದು ಬೇರೆ ಕಡೆ ಇಟ್ಟರೆ ಆಯಿತಲ್ಲ, ಹತ್ತು ನಿಮಿಷದ ಕೆಲಸ ಎಂದೆ. ಮೇಡಂ ಒಪ್ಪಲಿಲ್ಲ. ಆಮೇಲೆ ಹಾಕುವ ಎಡಿಟರೂ ತನ್ನ ಸಾಮಾನನ್ನೆಲ್ಲ ಇದೇ ಕನ್ನಡ ಹೆಸರಿನ ಫೋಲ್ಡರಿನಲ್ಲೇ ಇಡುತ್ತದೆ. ಈಗ ತೇಪೆ ಹಚ್ಚಿದರೆ ಮಕ್ಕಳೆದುರು ಯಾವತ್ತೋ ಕೈಕೊಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಸ ಖಾತೆ ತೆರೆದು, ಓದುವ ತಂತ್ರಾಂಶದಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಮಾಡುವ ಎಂದರು. ಬ್ಯಾಟರಿ ಇಪ್ಪತ್ತೇಳಕ್ಕೆ ಬಂದಿತ್ತು. ಅರ್ಧದಲ್ಲಿ ಯಂತ್ರ ಸತ್ತರೆ ಹಳೆಯದೂ ಇಲ್ಲ ಹೊಸದೂ ಇಲ್ಲ ಎಂಬ ಸ್ಥಿತಿ. ನನ್ನ ಸ್ವಭಾವಕ್ಕೆ ಇಷ್ಟು ವಿರುದ್ಧವಾದ ನಿರ್ಧಾರವನ್ನು ನಾನು ಅದುವರೆಗೆ ಒಪ್ಪಿರಲಿಲ್ಲ.

"ನೀವೇ ಮಾಡಿ" ಎಂದು ಕುರ್ಚಿ ಹಿಂದಕ್ಕೆಳೆದೆ. ಕೈ ಎಲ್ಲಿಯಾದರೂ ಕೀಲಿಮಣೆಗೆ ಹೋದೀತೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ಆ ಕಪ್ಪು ಪರದೆಯ ಎದುರು ಮೇಡಂ ಅವರ ಕೈ ಒಮ್ಮೆಯೂ ತಡವರಿಸಲಿಲ್ಲ. ಖಾತೆ ತೆರೆದರು. ಜೆಡಿಕೆಯನ್ನು ಡಿಸ್ಕಿನ ಬಾಗಿಲಲ್ಲೇ, ಯಾವ ಬಳಕೆದಾರರ ಫೋಲ್ಡರಿಗೂ ಸೇರದ ಚಿಕ್ಕ ಹೆಸರಿನ ಫೋಲ್ಡರಿಗೆ ಬಿಚ್ಚಿದರು. ವಿಳಾಸ ಬರೆದರು, ಬರೆದದ್ದನ್ನು ಕೇಳಿಸಿಕೊಂಡರು, ಕಿಟಕಿ ಮುಚ್ಚಿ ಹೊಸದನ್ನು ತೆರೆದರು. ಹೊಸ ಕಿಟಕಿಗೇ ಹೊಸ ವಿಳಾಸ ಗೊತ್ತಾಗುವುದು, ನಾನು ಎಷ್ಟೋ ಸಲ ಮರೆತು ಒದ್ದಾಡಿದ್ದೇನೆ. ಆವೃತ್ತಿ ಕೇಳಿದರು. ದನಿ ಒಂದೇ ಉಸಿರಿಗೆ ಮೂರು ಸಾಲು ಹೇಳಿತು. ನನಗೆ ಅರ್ಥವಾದದ್ದು ಹದಿನೇಳು ಎಂಬ ಅಂಕಿ ಮಾತ್ರ. ಅಷ್ಟು ಸಾಕಿತ್ತು. ಕಂಪೈಲರನ್ನೂ ಕೇಳಿದರು, ಅದೂ ಹದಿನೇಳು ಎಂದಿತು.

ಎಡಿಟರ್ ಹಾಕಿ ತೆರೆದಾಗ ಮಾತ್ರ ದನಿ ಪೂರ್ತಿ ನಿಂತುಹೋಯಿತು. ಮೌನ. ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಇದು ನಂಗೆ ಗೊತ್ತಿದ್ದದ್ದೇ" ಎಂದರು. ಜಾವಾದಲ್ಲಿ ಬರೆದ ಕಿಟಕಿಯೊಳಗೆ ಏನಿದೆ ಎಂದು ಓದುವ ತಂತ್ರಾಂಶಕ್ಕೆ ತಿಳಿಯಬೇಕಾದರೆ ನಡುವೆ ಒಂದು ಸೇತುವೆ ಬೇಕು. ಆ ಸೇತುವೆ ಜೆಡಿಕೆಯ ಗಂಟಿನೊಳಗೇ ಇದೆ, ಮಲಗಿರುತ್ತದೆ, ಎಬ್ಬಿಸಬೇಕು ಅಷ್ಟೇ. ಒಂದೇ ಸಾಲಿನ ಆಜ್ಞೆ ಕೊಟ್ಟು, ಎಡಿಟರನ್ನೂ ಓದುವ ತಂತ್ರಾಂಶವನ್ನೂ ಮುಚ್ಚಿ ತೆರೆದರು. ದನಿ ಮತ್ತೆ ಹರಿಯಿತು. ಅದೆಷ್ಟು ಸಲ ಆ ಗಂಟನ್ನು ಬಿಚ್ಚಿದ್ದೇನೆ, ಒಳಗೆ ಹೀಗೊಂದು ಸೇತುವೆ ಇರುವುದು ನನಗೆ ಗೊತ್ತೇ ಇರಲಿಲ್ಲ. ಮೇಡಂ ಅವರಂಥವರು ಬರುತ್ತಾರೆಂದು ಯಾರೋ ಎಂದೋ ಯೋಚಿಸಿ, ಕಟ್ಟಿ, ಒಳಗಿಟ್ಟಿದ್ದರು. ಬ್ಯಾಟರಿ ಒಂಬತ್ತರಲ್ಲಿತ್ತು.

ಶನಿವಾರ ಹನ್ನೊಂದಕ್ಕೆ ಪ್ರಾಂಶುಪಾಲರು ಬಂದರು. ಮೇಡಂ ಶುರು ಮಾಡುವ ಮೊದಲೇ ನಾನು ಬಾಯಿ ತೆರೆದೆ. ಬಸ್ಸಿನಲ್ಲಿ ಚೆಂದದ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಸರ್, ಗುರುವಾರ ತೊಂದರೆ ಆದದ್ದು ನನ್ನಿಂದ. ಮೇಡಂ ಸಾಫ್ಟ್‌ವೇರಿಂದ ಅಲ್ಲ. ನಾನು ಗೊತ್ತಿಲ್ಲದೆ ಅದರ ಮೇಲೆ ಹಾಕಿದೆ."

ಅವರು ನನ್ನನ್ನೂ ಮೇಡಂ ಅವರನ್ನೂ ನೋಡಿದರು. ಆಮೇಲೆ ನನಗೇ ಒಂದು ಕೆಲಸ ಹೇಳಿದರು. "ಸರಿ ಇರೋದನ್ನ ತೋರಿಸಿದ್ರೆ ಎಂತ ಗೊತ್ತಾಗ್ತದೆ? ಏನಾದ್ರೂ ಹಾಳು ಮಾಡಿ. ಅವರು ಹುಡುಕಲಿ."

ಅವರ ಚಿಂತೆ ನ್ಯಾಯದ್ದೇ. ಲ್ಯಾಪ್‌ಟಾಪ್ ತೆಗೆದುಕೊಂಡು, ದನಿ ನಿಲ್ಲಿಸಿ, ಜಾವಾದ ವಿಳಾಸದಲ್ಲಿ ಒಂದೇ ಅಕ್ಷರ ಬದಲಿಸಿದೆ. ಮನಸ್ಸಿನಲ್ಲಿ ಹರಕೆ ಹೊತ್ತುಕೊಂಡೇ ಬದಲಿಸಿದ್ದು. ಮೇಡಂ ದನಿ ಮತ್ತೆ ಚಾಲೂ ಮಾಡಿ ಆವೃತ್ತಿ ಕೇಳಿದರು, ಅಂಥ ಆಜ್ಞೆಯೇ ಇಲ್ಲ ಎಂದಿತು ಯಂತ್ರ. ವಿಳಾಸಗಳ ಪಟ್ಟಿ ಓದಿಸಿದರು. ಆ ತುರಿಯುವ ಯಂತ್ರದ ಸದ್ದು ನಾಲ್ಕೈದು ಕ್ಷಣ ಹೋಯಿತು, ತಟ್ಟನೆ ನಿಲ್ಲಿಸಿದರು. "ಎನ್ ಇರಬೇಕಾದಲ್ಲಿ ಎಂ ಹಾಕಿದ್ದೀರಿ. ಸ್ವಲ್ಪ ಕಷ್ಟದ್ದು ಕೊಡಬಹುದಿತ್ತು ಸರ್." ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ಸೋಮವಾರ ಹತ್ತು ಗಂಟೆಗೆ ಎಂದಷ್ಟೇ ಹೇಳಿ ಎದ್ದರು.

ಸೋಮವಾರ ನನಗೆ ಅಲ್ಲಿ ಕೆಲಸವಿರಲಿಲ್ಲ. ಯುಪಿಎಸ್ ನೋಡಬೇಕೆಂಬ ನೆಪ ಹೇಳಿ ಹಿಂದಿನ ಬೆಂಚಿನಲ್ಲಿ ಕೂತೆ. ಮೇಡಂ ಮೊದಲ ದಿನ ಪ್ರೋಗ್ರಾಂ ಬರೆಸಲಿಲ್ಲ. ತಮ್ಮ ತಮ್ಮ ಯಂತ್ರದಲ್ಲಿ ಜೆಡಿಕೆ ಇದೆಯೇ, ಎಲ್ಲಿದೆ, ಎಷ್ಟನೆಯದು ಎಂದು ಮಕ್ಕಳೇ ಕಂಡುಹಿಡಿಯಬೇಕೆಂದರು. ಐದು ನಿಮಿಷದೊಳಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು, ಎರರ್ ಬಂತು ಮೇಡಂ ಎಂದಳು.

"ಎರರ್ ಅಂದ್ರೆ ನಂಗೆ ಎಂತ ಗೊತ್ತಾಗ್ತದೆ ಮಾರಾಯ್ತಿ? ಓದಿ ಹೇಳು. ಚುಕ್ಕೆನೂ ಬಿಡಬೇಡ."

ಅವಳು ಸಂಕೋಚದಿಂದ ಗಟ್ಟಿಯಾಗಿ ಓದತೊಡಗಿದಳು. ಅರ್ಧ ಸಾಲು ಓದಿದವಳು ನಿಂತಳು. ಸಿಕ್ಕಿತು ಮೇಡಂ ಎಂದು ಮೆಲ್ಲಗೆ ಹೇಳಿ ಟೈಪು ಮಾಡಲು ಬಾಗಿದಳು. ಇನ್ನೊಬ್ಬ ಕರೆದ, ಅವನೂ ಓದಬೇಕಾಯಿತು, ಅವನೂ ಓದುತ್ತ ಓದುತ್ತ ನಿಂತ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಯಾರೂ ಮೇಡಂ ಅವರನ್ನು ಕರೆಯುತ್ತಿರಲಿಲ್ಲ. ಇಡೀ ಲ್ಯಾಬು ತನ್ನ ತಪ್ಪುಗಳನ್ನು ತಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿತ್ತು. ಆ ಗುಂಯ್‌ಗುಡುವ ದನಿಗಳ ನಡುವೆ ಮೇಡಂ ತಲೆ ಸ್ವಲ್ಪ ವಾಲಿಸಿಕೊಂಡು ನಿಂತಿದ್ದರು. ಒಮ್ಮೊಮ್ಮೆ ಯಾವುದೋ ಮೂಲೆಗೆ ತಿರುಗಿ, ಕಿಟಕಿ ಹತ್ತಿರದವನು ಒಂದು ಚುಕ್ಕೆ ಬಿಟ್ಟು ಓದಿದ, ಮತ್ತೆ ಓದಲಿ ಎನ್ನುತ್ತಿದ್ದರು.

ಪ್ರಾಂಶುಪಾಲರು ಬಾಗಿಲಿಗೆ ಬಂದದ್ದನ್ನು ನಾನೊಬ್ಬನೇ ನೋಡಿದ್ದು. ಸದ್ದು ಕೇಳಿ ಗಲಾಟೆಯೆಂದುಕೊಂಡು ಬಂದಿರಬೇಕು. ಒಂದು ಕಾಲು ಒಳಗಿಟ್ಟವರು ಹಾಗೆಯೇ ನಿಂತು ಕೇಳಿಸಿಕೊಂಡರು. ಬಹಳ ಹೊತ್ತು ನಿಂತರು. ಆಮೇಲೆ ಕಾಲು ಹಿಂದಕ್ಕೆ ತೆಗೆದುಕೊಂಡು, ವರಾಂಡದ ಸದ್ದು ಒಳಗೆ ಹೋಗದ ಹಾಗೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.